ಹತ್ತಿಕಟ್ಟಿಗೆಯ ಎರಡನೇ ಲೆಕ್ಕ

ಕಳೆದ ಮಾಘದಲ್ಲಿ ಸಂಬಂಧಿಕರ ಮದುವೆಗೆಂದು ಗಜೇಂದ್ರಗಡಕ್ಕೆ ಹೊರಟಿದ್ದೆ. ನರೇಗಲ್ ದಾಟಿದ ಮೇಲೆ ನಮ್ಮ ಬಸ್ಸು ಒಂದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಹಾಕಿಕೊಂಡಿತು. ಟ್ರೇಲರಿನ ತುಂಬ ಹತ್ತಿಕಟ್ಟಿಗೆ. ಎರಡೂ ಬದಿಗೆ ರಸ್ತೆಯ ಅಂಚಿನವರೆಗೆ ಚಾಚಿಕೊಂಡಿತ್ತು, ಎತ್ತರ ನೋಡಿದರೆ ನಮ್ಮ ಬಸ್ಸಿನ ಸಮ. ತೆರೆದ ಕಿಟಕಿಯಿಂದ ಒಣಕಟ್ಟಿಗೆಯ ವಾಸನೆ ಒಳಗೆ ಬಂತು. ಎರೆಮಣ್ಣಿನ ಧೂಳು, ಬಿಸಿಲು, ಕಾಯಿಯೊಳಗೆ ಬಿಡಿಸದೆ ಉಳಿದ ಹತ್ತಿಯ ಸಣ್ಣ ಮುಗ್ಗಲು. ಪಕ್ಕದಲ್ಲಿ ಕೂತಿದ್ದವರು ಸೆರಗನ್ನು ಮೂಗಿಗೆ ಹಿಡಿದರು. ನಾನು ಮಾತ್ರ ಆ ಟ್ರೇಲರ್ ಎಷ್ಟು ತೂಗೀತು ಎಂದು ಮನಸ್ಸಿನಲ್ಲೇ ಅಂದಾಜು ಹಾಕುತ್ತಿದ್ದೆ. ಈ ಚಟ ನನಗೆ ಅಂಟಿಕೊಂಡದ್ದು ಒಂದೇ ಒಂದು ಬೇಸಿಗೆಯಲ್ಲಿ, ಇದೇ ರಸ್ತೆಯ ಮೇಲೆ.

ನಮ್ಮದು ನರಗುಂದದ ಹತ್ತಿ ವ್ಯಾಪಾರದ ಮನೆತನ. ಅಜ್ಜನ ಕಾಲದಿಂದ ನಮ್ಮ ಅಂಗಳದಲ್ಲಿ ಹತ್ತಿ ತುಂಬಿದ ಅಂಡಿಗೆ ಚೀಲಗಳು ಬೀಳುತ್ತಿದ್ದವು. ಎಳೆಯ ಉದ್ದ, ಬಣ್ಣ, ಹಸಿ, ಕಸ ಎಲ್ಲದರ ಮಾತು ಊಟದ ಹೊತ್ತಿನಲ್ಲೂ ನಡೆಯುತ್ತಿತ್ತು. ಹತ್ತಿ ಬಿಡಿಸಿದ ಮೇಲೆ ಗಿಡ ಏನಾಗುತ್ತದೆ ಎಂದು ಯಾರೂ ಕೇಳಿದವರಲ್ಲ, ನಾನೂ ಕೇಳಿದವಳಲ್ಲ. ಅರಣ್ಯ ವಿಜ್ಞಾನ ಓದಿ, ಎರಡು ವರ್ಷ ಅಲ್ಲಲ್ಲಿ ತಾತ್ಕಾಲಿಕ ಕೆಲಸ ಮಾಡಿ, ಇಪ್ಪತ್ತಾರನೇ ವಯಸ್ಸಿನಲ್ಲಿ ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಆರು ತಿಂಗಳ ನೌಕರಿ ಸಿಕ್ಕಾಗ ಆ ಗಿಡವೇ ನನ್ನ ಕೆಲಸವಾಯಿತು. ಕಟ್ಟಿಗೆಯಿಂದ ವಾಹನಗಳಿಗೆ ಹಾಕುವ ಇಂಧನ ತಯಾರಿಸುವ ಕಾರ್ಖಾನೆ ಕಟ್ಟಬೇಕೆಂದು ಆ ಕಂಪನಿಯವರು ಯೋಚಿಸಿದ್ದರು. ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲ್ಲೂಕುಗಳಲ್ಲಿ ವರ್ಷಕ್ಕೆ ಎಷ್ಟು ಕಟ್ಟಿಗೆ ಸಿಗುತ್ತದೆ, ಅದು ಕಾರ್ಖಾನೆಯ ಬಾಗಿಲಿಗೆ ಬಂದು ಬೀಳುವಷ್ಟರಲ್ಲಿ ಎಷ್ಟು ಖರ್ಚಾಗುತ್ತದೆ ಎಂದು ನಾನು ಹೇಳಬೇಕಿತ್ತು.

ರೋಣದಲ್ಲಿ ಗಂಗವ್ವ ಎಂಬ ನಿವೃತ್ತ ಅಂಗನವಾಡಿ ಶಿಕ್ಷಕಿಯ ಮನೆಯ ಮಾಳಿಗೆ ಮೇಲಿನ ಕೋಣೆ ಹಿಡಿದೆ. ಜನವರಿ ತಿಂಗಳು. ಬಿಳಿಜೋಳ ತೆನೆ ಹಿಡಿದು ನಿಂತಿತ್ತು, ಬೆಳಗಿನ ಚಳಿ ಹತ್ತು ಗಂಟೆಯವರೆಗೂ ಬಿಡುತ್ತಿರಲಿಲ್ಲ. ನಾನು ಕೋಣೆ ಬಿಟ್ಟು ಹೆಚ್ಚು ಹೊರಗೆ ಬರಲಿಲ್ಲ. ತಾಲ್ಲೂಕು ಕಚೇರಿಗಳಿಂದ ಹತ್ತಿ ಬಿತ್ತಿದ ಹೊಲಗಳ ಪಟ್ಟಿ ತಂದೆ. ಒಂದು ಎಕರೆಗೆ ಇಷ್ಟು ಕಟ್ಟಿಗೆ ಎಂದು ಪುಸ್ತಕದಲ್ಲಿತ್ತು. ಹಳ್ಳದ ದಂಡೆ, ಕೆರೆಯಂಗಳ, ಗುಡ್ಡದ ಬುಡಗಳಲ್ಲಿ ಬೆಳೆದ ಬಳ್ಳಾರಿ ಜಾಲಿಯನ್ನು ಉಪಗ್ರಹದ ಚಿತ್ರದಲ್ಲಿ ಹಸಿರು ಕಂಡಲ್ಲೆಲ್ಲ ಗುರುತು ಹಾಕಿದೆ. ಗುಣಿಸಿದೆ, ಕೂಡಿಸಿದೆ. ಹದಿನೈದು ದಿನಕ್ಕೆ ಉತ್ತರ ಸಿದ್ಧವಾಯಿತು. ದೊಡ್ಡ ಉತ್ತರ.

ನನ್ನ ಮೇಲಧಿಕಾರಿ ದೇಸಾಯಿ ಸರ್ ಫೋನಿನಲ್ಲೇ ಹಿಗ್ಗಿದರು. "ಭೇಷ್ ಮಂಜುಳಾ! ನಾ ಅಂದ್ಕೊಂಡಿದ್ದಕ್ಕಿಂತ ಹೆಚ್ಚ ಬಂತಲ್ಲ. ಇನ್ನ ಜಾಗಾ ನೋಡೂಣು."

ಜಾಗದ ಹುಡುಕಾಟ ಪುರ್ತಗೇರಿಗೆ ಬಂದು ನಿಂತಿತು. ಅಲ್ಲಿ ರಸ್ತೆಗೆ ಹೊಂದಿಕೊಂಡ ಹೊಲ ಸಂಗಪ್ಪನದು, ಆಚೀಚೆಯವು ಅವನ ಅಣ್ಣತಮ್ಮಂದಿರವು. ಸಂಗಪ್ಪ ನಲವತ್ತೈದರ ಸುಮಾರಿನ ರೈತ. ಮಾತಿಗೊಮ್ಮೆ ಮೊಬೈಲು ತೆಗೆದು ಎಲ್ಲಿಯದೋ ಯಂತ್ರದ ವಿಡಿಯೊ ತೋರಿಸುವವನು. ಕಾರ್ಖಾನೆಯ ಮಾತು ಕಿವಿಗೆ ಬಿದ್ದ ವಾರದಲ್ಲೇ ಹೊಲ ಕೊಡಲು ತಾನು ಒಪ್ಪಿ, ಅಣ್ಣತಮ್ಮಂದಿರನ್ನೂ ಒಪ್ಪಿಸಿಬಿಟ್ಟಿದ್ದ.

"ನಮ್ಮ ಹುಡುಗ್ರು ಇಲ್ಲೇ ದುಡೀತಾರ್ರಿ ಅಕ್ಕಾರ, ಮನಿ ಊಟ ಮಾಡಿ," ಎಂದ. "ಗೋವಾದ ರಸ್ತೆ ಕೆಲಸಕ್ಕ ಹೋಗೂದು ತಪ್ಪತೈತಿ."

ನನಗೆ ವರದಿಯಲ್ಲಿ ಹಾಕಲು ಒಂದು ಫೋಟೊ ಬೇಕಿತ್ತು, ಅಷ್ಟೇ. ಒಂದು ಎಕರೆ ಹತ್ತಿಗಿಡ ಕಿತ್ತು, ಟ್ರೇಲರಿಗೆ ಹೇರಿ, ತೂಗಿದರೆ ನೋಡುವವರಿಗೆ ನಂಬಿಕೆ ಬರುತ್ತದೆ ಎಂದುಕೊಂಡೆ. ನನ್ನ ಲೆಕ್ಕದ ಮೇಲೆ ನನಗೆ ಯಾವ ಅನುಮಾನವೂ ಇರಲಿಲ್ಲ. ಸಂಗಪ್ಪ ತನ್ನ ಹೊಲದ ಒಂದು ಎಕರೆ ತೋರಿಸಿದ. ಕೀಳಲು ಸೂಡಿಯಿಂದ ನೀಲವ್ವ ಮತ್ತು ಅವಳ ಜೊತೆಯ ಐದು ಹೆಂಗಸರು ಬಂದರು. ಇವರು ಬೇಸಿಗೆಯಲ್ಲಿ ಜಾಲಿ ಕಡಿದು ಇಟ್ಟಿಗೆ ಸುಡುವ ಇಟ್ಟಂಗಿ ಭಟ್ಟಿಗಳಿಗೆ ಕೊಡುವವರು. ನೀಲವ್ವನಿಗೆ ಐವತ್ತು ದಾಟಿತ್ತು. ಮೊಣಕೈವರೆಗೆ ಹಳೆಯ ಪ್ಯಾಂಟಿನ ತುಂಡುಗಳನ್ನು ಹೊಲಿದು ತೊಟ್ಟಿದ್ದಳು, ಮುಳ್ಳು ತಾಗದಿರಲೆಂದು.

ಮಧ್ಯಾಹ್ನದೊಳಗೆ ಮುಗಿಯುತ್ತದೆ ಎಂದು ನಾನು ಹೇಳಿದ್ದೆ. ಎರೆಹೊಲ ಬಿರುಕು ಬಿಟ್ಟು ಕಲ್ಲಾಗಿತ್ತು. ಗಿಡ ಹಿಡಿದು ಎಳೆದರೆ ಬುಡ ನೆಲದಲ್ಲೇ ಮುರಿದು ಕೈಯಲ್ಲಿ ಮುಕ್ಕಾಲು ಗಿಡ ಬರುತ್ತಿತ್ತು. ನಾನೂ ಒಂದು ಸಾಲು ಹಿಡಿದು ನೋಡಿದೆ. ಅರ್ಧ ಸಾಲಿಗೆ ಅಂಗೈಯಲ್ಲಿ ಬೊಬ್ಬೆ ಎದ್ದವು. ಮುಗಿಯುವ ಹೊತ್ತಿಗೆ ಮರುದಿನದ ಸಂಜೆಯಾಗಿತ್ತು. ಹೇರಲು ಹೋದರೆ ಅದು ಇನ್ನೊಂದು ಬಗೆಯ ಕಷ್ಟ. ಕವಲು ಕವಲಿಗೆ ಸಿಕ್ಕಿ ಗಿಡಗಳು ಒಂದರ ಮೇಲೊಂದು ಕೂಡುವುದೇ ಇಲ್ಲ. ನೀಲವ್ವ ಮೇಲೆ ಹತ್ತಿ ಕುಣಿಕುಣಿದು ತುಳಿದರೂ ಟ್ರೇಲರ್ ನೋಡನೋಡುತ್ತಲೇ ತುಂಬಿ ನಿಲ್ಲುತ್ತಿತ್ತು, ಹೊಲದಲ್ಲಿ ಕಟ್ಟಿಗೆ ಹಾಗೇ ಬಿದ್ದಿರುತ್ತಿತ್ತು.

ನರೇಗಲ್ಲಿನ ಹೊರಗೆ ಲಾರಿ ತೂಗುವ ಕಾಟಾ ಒಂದಿತ್ತು. ಮೊದಲ ಟ್ರೇಲರ್ ಅದರ ಮೇಲೆ ನಿಂತಾಗ ಕಾಟಾದವನು ಕಿಟಕಿಯಿಂದ ತಲೆ ಹೊರಹಾಕಿ ಮೇಲಿಂದ ಕೆಳಗೆ ನೋಡಿದ, ಒಳಗೆ ಅಂಕಿ ನೋಡಿದ, ಮತ್ತೆ ಹೊರಗೆ ನೋಡಿದ.

"ಏನ್ರೀ, ಗಾಳಿ ತೂಗಾಕ ಬಂದೀರೇನ?"

ಚೀಟಿ ಕೈಗೆ ಬಂತು. ಮನೆಯಷ್ಟು ಎತ್ತರದ ಆ ಹೇರು ತೂಗಿದ್ದು ಕೆಲವೇ ಚೀಲ ಕಡಲೆಯಷ್ಟು. "ಕಾಟಾ ಕೆಟ್ಟಿರಬೇಕ್ರಿ," ಎಂದ ಸಂಗಪ್ಪ. ನಮ್ಮ ಹಿಂದೆ ನಿಂತಿದ್ದ ಈರುಳ್ಳಿ ಲಾರಿಯವನು ತೂಗಿಸಿಕೊಂಡು ಸರಿಯಾಗಿದೆ ಎಂದು ಹೇಳಿ ಹೋದ. ಉಳಿದ ಹೇರುಗಳೂ ಬಂದವು. ಎಲ್ಲ ಕೂಡಿಸಿದರೂ ನನ್ನ ಪುಸ್ತಕದ ಅಂಕಿಯ ಅರ್ಧಕ್ಕೆ ಬರಲಿಲ್ಲ.

ನೀಲವ್ವ ಒಂದು ಕಡ್ಡಿ ಮುರಿದು ಅದರ ನಡುವಿನ ಹಸಿರನ್ನು ನನಗೆ ತೋರಿಸಿದಳು. "ಕಾಟಾ ಚಲೋ ಐತಿ ಯವ್ವಾ. ಈ ಕಟಗಿ ಇನ್ನೂ ಹಸಿ ಐತಿ, ಅದಕ್ಕ ಇಷ್ಟರ ಬಂತು. ಹದಿನೈದು ದಿನ ಬಿಟ್ಟು ತೂಗ್ರಿ, ಇದೂ ಇರಂಗಿಲ್ಲ."

ಆ ಚೀಟಿಗಳನ್ನು ಹರಿದು ಹಾಕಿದ್ದರೆ ಕೇಳುವವರು ಯಾರೂ ಇರಲಿಲ್ಲ. ಫೋಟೊ ಚೆನ್ನಾಗಿಯೇ ಬಂದಿತ್ತು. ಆದರೆ ಕಾಟಾದ ಗೋಡೆಗೆ ಆನಿಕೊಂಡು ನಿಂತಿದ್ದ ಸಂಗಪ್ಪ ಆಗಲೇ ಮೊಬೈಲಿನಲ್ಲಿ ಯಾರಿಗೋ ಮಾರಾಟಕ್ಕೆ ಬೇಕಾದ ಹೊಲದ ಉತಾರ, ಪಹಣಿ ತೆಗೆಸುವ ಮಾತು ಹೇಳುತ್ತಿದ್ದ. ಕಾರ್ಖಾನೆ ಕಟ್ಟಿದ ಮೇಲೆ ಕಟ್ಟಿಗೆ ಸಾಲದಿದ್ದರೆ ಕಂಪನಿಯವರು ಬೀಗ ಹಾಕಿ ಹೋಗಬಹುದು. ಸಂಗಪ್ಪನ ಹೊಲ ಮಾತ್ರ ಮತ್ತೆ ಹೊಲವಾಗುವುದಿಲ್ಲ. ಅಲ್ಲಿಂದಲೇ ದೇಸಾಯಿ ಸರ್‌ಗೆ ಫೋನ್ ಮಾಡಿದೆ.

"ಸರ್, ನನ್ನ ಮೊದಲಿನ ಲೆಕ್ಕ ನಂಬಬ್ಯಾಡ್ರಿ. ತಪ್ಪೈತಿ."

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ಒಂದ ಎಕರೆ ತೂಗಿ ಮೂರು ತಾಲ್ಲೂಕಿನ ಮಾತು ಹೇಳತೀರೇನ?" ಎಂದರು. ನ್ಯಾಯವಾದ ಪ್ರಶ್ನೆ.

"ಹಂಗಾರ ಮೂರೂ ತಾಲ್ಲೂಕು ತೂಗತೀನ್ರಿ."

"ಮೇ ಕೊನಿಗೆ ಸಭೆ ಐತಿ. ಪುಣೆಯಿಂದ ರೊಕ್ಕ ಹಾಕೋ ಮಂದಿ ಬರತಾರ. ಅಷ್ಟರಾಗ ಮುಗಸ್ರಿ. ನಾ ಬ್ಯಾರೆ ಮಂದಿ ಕೊಡಂಗಿಲ್ಲ."

ಮರುದಿನ ಬೆಳಿಗ್ಗೆ ಸೂಡಿಗೆ ಹೋಗಿ ನೀಲವ್ವನನ್ನು ಕೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತದೆ, "ದಿನಾ ಬರಾಕ ಆಗಂಗಿಲ್ಲ. ವಾರದಾಗ ಮೂರು ದಿನ ಬರತೀನಿ. ಆದ್ರ ನಿನ್ನ ಗಾಡಿ ಸಾವಕಾಶ ಹೊಡಿಬೇಕು," ಎಂದಳು. ಆವತ್ತಿನಿಂದ ನಾನು ಅವಳಿಗೆ 'ಯವ್ವಾ' ಹೋಗಿ 'ತಂಗಿ' ಆದೆ, ಅವಳು ನನಗೆ ನೀಲಕ್ಕ.

ಫೆಬ್ರುವರಿಯಿಂದ ಮೇವರೆಗೆ ನನ್ನ ಸ್ಕೂಟರಿನ ಹಿಂದೆ ನೀಲಕ್ಕ, ಅವಳ ತೊಡೆಯ ಮೇಲೆ ಕೊಡಲಿ, ಮುಂದೆ ಕಾಲಿನ ಹತ್ತಿರ ಕಟ್ಟುಗಳನ್ನು ನೇತುಹಾಕಿ ತೂಗುವ ಕೊಂಡಿ ಮತ್ತು ಹೊಲ ಅಳೆಯುವ ಹಗ್ಗ. ಒಂದೊಂದು ಊರಿನಲ್ಲಿ ಒಂದೊಂದು ತುಂಡು ಹೊಲ ಅಳೆದು, ಕಿತ್ತು, ತೂಗಿ, ಕಿತ್ತವರು ಎಷ್ಟು ಹೊತ್ತು ದುಡಿದರು, ಟ್ರ್ಯಾಕ್ಟರ್ ಎಷ್ಟು ಡೀಸೆಲ್ ಕುಡಿಯಿತು, ಎಲ್ಲವನ್ನೂ ಬರೆದುಕೊಂಡೆ. ಬಹಳ ಕಡೆ ನಾವು ಹೋಗುವಷ್ಟರಲ್ಲಿ ರೈತರು ಯಂತ್ರ ಹೊಡೆಸಿ ಗಿಡವನ್ನು ಮಣ್ಣಲ್ಲೇ ಬೆರೆಸಿಬಿಟ್ಟಿದ್ದರು. "ನಿಮ್ಮ ಕಾರ್ಖಾನಿ ದಾರಿ ಕಾಯಕೋತ ಕುಂತ್ರ ಹೊಲಾ ಹಸನ ಮಾಡೂದು ಯಾವಾಗ್ರಿ?" ಎಂದು ನರಗುಂದದ ಕಡೆಯ ಒಬ್ಬ ರೈತ ಕೇಳಿದ. ಅದನ್ನೂ ಬರೆದುಕೊಂಡೆ.

ಜಾಲಿಯ ವಿಷಯದಲ್ಲಿ ನಾನು ಇನ್ನೂ ದೊಡ್ಡ ದಡ್ಡಿಯಾಗಿದ್ದೆ. ನಕ್ಷೆಯ ಹಸಿರನ್ನು ಹಿಡಿದುಕೊಂಡು ಸೂಡಿಯ ಸುತ್ತ ತಿರುಗಿದೆವು. ಒಂದು ಹಸಿರು ಸ್ಮಶಾನದ ಬೇವಿನ ಮರಗಳು. ಇನ್ನೊಂದು ಯಾರದೋ ನುಗ್ಗೆ ತೋಟ. ಮೂರನೆಯದು ಖರೆ ಜಾಲಿ, ಹಳ್ಳದ ಉದ್ದಕ್ಕೂ. ನಾನು ಖುಷಿಯಿಂದ ಅಳತೆಯ ಪಟ್ಟಿ ತೆಗೆದೆ.

"ಇದನ್ನ ಹಿಡಿಬ್ಯಾಡ ತಂಗಿ," ಎಂದಳು ನೀಲಕ್ಕ. "ಹೋದ ವರ್ಷ ನಾವ ಕಡದೇವಿ. ಇದು ಚಿಗುರು. ಇನ್ನೂ ಎರಡು ವರ್ಷ ಬಿಡಬೇಕು. ಈಗ ಕಡದ್ರ ಬರೇ ಮುಳ್ಳು ಬರತೈತಿ, ಕಟಗಿ ಬರಂಗಿಲ್ಲ."

ಯಾವ ಹಳ್ಳದ ಜಾಲಿ ಯಾವ ವರ್ಷ ಕಡಿದದ್ದು, ಯಾವುದು ಭಟ್ಟಿಯವರಿಗೆ ಮಾತಾಗಿದೆ, ಯಾವ ದಂಡೆಗೆ ಎತ್ತಿನ ಗಾಡಿಯೂ ಇಳಿಯುವುದಿಲ್ಲ ಎಂಬುದು ಅವಳ ಬಾಯಲ್ಲೇ ಇತ್ತು. ಮೂವತ್ತು ವರ್ಷದ ಲೆಕ್ಕ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ನಾವು ಕೆಳಗೆ ಬೇವಿನ ನೆರಳಲ್ಲಿ ರೊಟ್ಟಿ, ಕೆಂಪು ಖಾರ ತಿನ್ನುತ್ತ ಕೂತಿರುತ್ತಿದ್ದೆವು. ಅವಳು ಹೇಳುತ್ತಿದ್ದಳು, ನಾನು ನಕ್ಷೆಯ ಹಸಿರನ್ನು ಒಂದೊಂದಾಗಿ ಅಳಿಸುತ್ತಿದ್ದೆ.

ತಂದ ಕಡ್ಡಿಗಳಿಗೆ ನಂಬರಿನ ಚೀಟಿ ಕಟ್ಟಿ ಗಂಗವ್ವನ ಮಾಳಿಗೆಯ ಮೇಲೆ ಒಣಗಿಸುತ್ತಿದ್ದೆ. ದಿನವೂ ಸಂಜೆ ತೂಗಬೇಕು. ತೂಕ ಇಳಿಯುವುದು ನಿಂತ ದಿನ ಅದು ಪೂರ್ತಿ ಒಣಗಿದಂತೆ. ಯುಗಾದಿಯ ಮರುದಿನ ನೋಡಿದರೆ ಎಂಟು ಕಟ್ಟು ಮಾಯವಾಗಿದ್ದವು. ಕೆಳಗೆ ಬಚ್ಚಲಲ್ಲಿ ಹಂಡೆಯ ನೀರು ಕುದಿಯುತ್ತಿತ್ತು.

"ಒಣಾ ಕಟಗಿ ಅಲ್ಲೇನವಾ ಅವು? ನೀರು ಕಾಸೀನಿ," ಎಂದರು ಗಂಗವ್ವ. "ಚೀಟಿ ತೆಗದು ಇಟ್ಟೀನಿ ನೋಡು, ದೇವರ ಜಗಲಿ ಮ್ಯಾಲೆ."

ಮೂರು ವಾರದ ಕೆಲಸ ಬೂದಿಯಾಗಿತ್ತು. ನನಗೆ ಅಳು ಬಂತು, ಸಿಟ್ಟೂ ಬಂತು. "ಗ್ಯಾಸ್ ಐತಲ್ರಿ ಮನ್ಯಾಗ!" ಎಂದು ಕೂಗಿದೆ.

"ಗ್ಯಾಸಿನ ಮ್ಯಾಲೆ ಯಾರರ ಹಂಡೆ ನೀರು ಕಾಸ್ತಾರೇನು? ಓಣ್ಯಾಗ ಕೇಳಿ ಬಾ ಹೋಗು."

ಸಿಟ್ಟಿನಲ್ಲೇ ಓಣಿಗೆ ಹೋದೆ. ಹನ್ನೆರಡು ಮನೆಯ ಹಿತ್ತಿಲು ನೋಡಿದೆ, ಹನ್ನೆರಡರಲ್ಲೂ ಹತ್ತಿಕಟ್ಟಿಗೆಯ ಒಟ್ಟಿಲು. ಮರುದಿನ ಸೂಡಿ, ಅದರ ಮರುದಿನ ಪುರ್ತಗೇರಿ. ಎಲ್ಲ ಕಡೆ ಅಡುಗೆ ಗ್ಯಾಸಿನ ಮೇಲೆ, ಸ್ನಾನದ ನೀರು ಕಟ್ಟಿಗೆಯ ಮೇಲೆ. ನನ್ನ ವರದಿಯಲ್ಲಿ 'ಉಪಯೋಗವಿಲ್ಲದ ಉಳಿಕೆ' ಎಂದು ಬರೆದದ್ದು ಸಾವಿರಾರು ಮನೆಗಳ ಬಚ್ಚಲಿನ ಒಲೆಗೆ ಹೋಗುವ ಮಾಲು. ಗಂಗವ್ವನಿಗೆ ಕೂಗಾಡಿದ್ದಕ್ಕೆ ತಪ್ಪಾಯಿತೆಂದೆ. ಎಂಟು ಕಟ್ಟು ಮತ್ತೆ ತಂದು ಒಣಹಾಕಿದೆ.

ಏಪ್ರಿಲ್ ಕೊನೆಯಲ್ಲಿ ಎರಡು ದಿನ ಅಡ್ಡಮಳೆ ಬಂತು. ನರಗುಂದದ ಎರೆಯಲ್ಲಿ ಟ್ರೇಲರ್ ಗಾಲಿ ಅಚ್ಚಿನವರೆಗೆ ಹೂತು, ಐದು ದಿನ ಹೊಲದಿಂದ ಹೊರಗೆ ಬರಲಿಲ್ಲ. ಒಟ್ಟಿದ ಕಟ್ಟಿಗೆಯ ಕೆಳಪದರಕ್ಕೆ ಬೂಸಲು ಹಿಡಿಯಿತು. ಮಳೆಗಾಲದ ನಾಲ್ಕು ತಿಂಗಳು ಈ ಹೊಲಗಳಿಂದ ಏನೂ ಹೊರಡುವುದಿಲ್ಲ, ಅಷ್ಟು ದಿನದ ಮಾಲನ್ನು ಸೂರಿನ ಕೆಳಗೆ ಕೂಡಿಡಬೇಕು ಎಂಬುದು ಹೀಗೆ ಗೊತ್ತಾಯಿತು. ನನ್ನ ಮುಖ ಕರ್ರಗಾಗಿತ್ತು. ಅವ್ವ ನರಗುಂದದಿಂದ ಫೋನು ಮಾಡಿ ಆ ನೌಕರಿ ಬಿಟ್ಟು ಬಾ ಎನ್ನುತ್ತಿದ್ದಳು. ಬಿಡುವ ಯೋಚನೆ ನನಗೆ ಒಮ್ಮೆಯೂ ಬರಲಿಲ್ಲ. ಮೊದಲಿನ ಸುಳ್ಳು ಅಂಕಿ ನನ್ನ ಹೆಸರಿನಲ್ಲಿತ್ತು, ಅದನ್ನು ನಾನೇ ತೆಗೆಯಬೇಕಿತ್ತು.

ಸಭೆಯ ಹಿಂದಿನ ದಿನ ಹುಬ್ಬಳ್ಳಿಯಲ್ಲಿ ದೇಸಾಯಿ ಸರ್ ಎರಡನೇ ಲೆಕ್ಕವನ್ನು ಪೂರಾ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಭಾಳ ದುಡದೀರಿ. ಒಂದ ಸಾಲು ಬದಲಿ ಮಾಡ್ರಿ ಸಾಕು. ಒಟ್ಟು ಕಟ್ಟಿಗ್ಯಾಗ ನಮಗ ಸಿಗೂದು ಅರ್ಧ ಅಂತ ಹಾಕ್ರಿ. ಪುಸ್ತಕದಾಗೂ ಹಂಗ ಐತಿ."

"ಆಗೂದಿಲ್ಲ ಸರ್. ಅರ್ಧದ ಸನ್ಯಾಕೂ ಬರೂದಿಲ್ಲ."

"ನಿಮ್ಮ ನೌಕರಿ ಮುಂದುವರಸೂದು ಇದರ ಮ್ಯಾಲೆ ಐತಿ, ತಿಳೀತ?"

"ತಿಳೀತ್ರಿ."

ಸಭೆಯಲ್ಲಿ ಪುಣೆಯವರು ಎರಡೂ ವರದಿಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಅವರಲ್ಲಿ ಹಿರಿಯರೊಬ್ಬರು, ಇವೆರಡರ ನಡುವೆ ಇಷ್ಟು ಅಂತರ ಹೇಗೆ, ಮೊದಲನೆಯದನ್ನು ಮಾಡಿದವರು ಯಾರು ಎಂದು ಕೇಳಿದರು. ದೇಸಾಯಿ ಸರ್ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಎದ್ದು ನಿಂತೆ. ಮೊದಲನೆಯದು ತಪ್ಪು, ಮಾಡಿದವಳು ನಾನೇ ಎಂದೆ. ಆಮೇಲೆ ನರೇಗಲ್ಲಿನ ಕಾಟಾದ ಚೀಟಿಗಳಿಂದ ಶುರುಮಾಡಿ ಒಂದೊಂದೇ ಹೇಳಿದೆ. ಕೀಳುವ ಕೂಲಿ, ಗಾಳಿಯನ್ನೇ ಹೊತ್ತು ತಿರುಗುವ ಟ್ರೇಲರಿನ ಖರ್ಚು, ಮಳೆಗಾಲದ ದಾಸ್ತಾನು, ಬಚ್ಚಲಿನ ಒಲೆ, ಇಟ್ಟಂಗಿ ಭಟ್ಟಿ. ಇಷ್ಟು ದೊಡ್ಡ ಕಾರ್ಖಾನೆಯನ್ನು ಈ ಕಟ್ಟಿಗೆ ನಡೆಸಲಾರದು. ನಡೆಸುವುದಾದರೆ ಜಾಲಿಯೊಂದರ ಮೇಲೆ, ಸರದಿಯಂತೆ ಕಡಿದು, ಬಹಳ ಸಣ್ಣದನ್ನು ನಡೆಸಬಹುದು. ಅವರು ತಮ್ಮತಮ್ಮಲ್ಲಿ ಮರಾಠಿಯಲ್ಲಿ ಮಾತಾಡಿಕೊಂಡರು. ಮಧ್ಯಾಹ್ನದ ಊಟಕ್ಕೆ ಮೊದಲೇ ಕಾರ್ಖಾನೆಯ ಮಾತು ಮುಗಿದಿತ್ತು. ಜೂನ್ ಕೊನೆಗೆ ಆರು ತಿಂಗಳು ತುಂಬಿ ನನ್ನ ನೌಕರಿಯೂ ಮುಗಿಯಿತು.

ಸಂಗಪ್ಪನಿಗೆ ಈ ಸುದ್ದಿ ಬೇರೆಯವರ ಬಾಯಿಂದ ಹೋಗಬಾರದು ಅನ್ನಿಸಿತು. ಸಭೆಯ ಮರುದಿನವೇ ಪುರ್ತಗೇರಿಗೆ ಹೋಗಿದ್ದೆ. ನೀಲಕ್ಕನೂ ಬಂದಿದ್ದಳು. ಸಂಗಪ್ಪ ಕಟ್ಟೆಯ ಮೇಲೆ ಅಣ್ಣತಮ್ಮಂದಿರ ಜೊತೆ ಕೂತಿದ್ದ. ನಡೆದದ್ದನ್ನೆಲ್ಲ ಹೇಳಿದೆ.

"ಆಸೆ ಹಚ್ಚಿದವರೂ ನೀವ, ಕಿತ್ತವರೂ ನೀವ," ಎಂದ ಸಂಗಪ್ಪ. "ಮೊದಲನೇ ಲೆಕ್ಕಾನೂ ನಿಮ್ಮದ. ಎರಡನೇದೂ ನಿಮ್ಮದ. ಇದು ಖರೇ ಅಂತ ಹ್ಯಾಂಗ ನಂಬಲ್ರಿ ಅಕ್ಕಾರ?"

ವರದಿ ಅವನ ಕೈಗಿಟ್ಟೆ. ಅವನು ಎರಡು ಹಾಳೆ ತಿರುವಿ ವಾಪಸು ಕೊಟ್ಟ. "ಇಂಗ್ಲೀಷಿನ್ಯಾಗ ಐತಿ. ನಮ್ಮ ಹೊಲದ ಮಾತು ನಮಗ ಓದಾಕ ಬರಬೇಕಲ್ರಿ."

ಅಲ್ಲೇ ಕಟ್ಟೆಯ ಮೇಲೆ ಕೂತು ಕನ್ನಡದಲ್ಲಿ ಬರೆದೆ. ಎರಡು ಪುಟ. ಅವನ ಹೊಲದಲ್ಲಿ ಕಿತ್ತದ್ದೆಷ್ಟು, ಹಸಿಯ ತೂಕವೆಷ್ಟು, ಒಣಗಿದ ಮೇಲೆ ಎಷ್ಟು, ಯಾರು ಎಷ್ಟು ಹೊತ್ತು ದುಡಿದರು. ಕೆಲವು ಮಾತುಗಳಿಗೆ ಕನ್ನಡ ಸಿಗದೆ ತಡವರಿಸಿದಾಗ ನೀಲಕ್ಕ ಹೇಳಿಕೊಟ್ಟಳು. ಸಂಗಪ್ಪನ ತಾಯಿ ಚಹಾ ತಂದಿಟ್ಟಳು, ಅದು ಆರಿತು. ಬರೆದು ಮುಗಿದ ಮೇಲೆ ಸಂಗಪ್ಪ ಹಾಳೆ ಇಸಿದುಕೊಂಡು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದತೊಡಗಿದ. ಎರಡನೇ ಸಾಲಿಗೇ ನಿಂತ.

"ಇಲ್ಲಿ ತಪ್ಪೈತ್ರಿ. ಒಂದ ಎಕರೆ ಅಂತ ಬರದೀರಿ. ಅದು ಪೂರಾ ಎಕರೆ ಹತ್ತಿ ಅಲ್ಲ. ಬದುವಿನ ಕಡೆ ಆರು ಸಾಲು ಮೆಣಸಿನಗಿಡ ಇದ್ದುವು."

ಆ ಎಕರೆಯನ್ನು ನಾನು ಅಳೆದಿರಲಿಲ್ಲ, ಅವನು ತೋರಿಸಿದಷ್ಟನ್ನೇ ಬರೆದುಕೊಂಡಿದ್ದೆ. ಟಿಪ್ಪಣಿ ಪುಸ್ತಕ ತೆಗೆದೆ. ಅಂದಿನ ಫೋಟೊ ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದೆ. ಅಂಚಿನಲ್ಲಿ ಆರು ಸಾಲು ಮೆಣಸಿನಗಿಡ ನಿಂತಿದ್ದವು. ಹತ್ತಿ ಇದ್ದ ಜಾಗ ಎಕರೆಗಿಂತ ಕಡಿಮೆ, ಅಂದರೆ ಎಕರೆಗೆ ಬರುವ ಕಟ್ಟಿಗೆ ನಾನು ಬರೆದದ್ದಕ್ಕಿಂತ ಹೆಚ್ಚು. ತಪ್ಪು ಕಾರ್ಖಾನೆಯ ವಿರುದ್ಧವಾಗಿತ್ತು. ಅವನ ವಿರುದ್ಧವಾಗಿತ್ತು.

"ನೀವು ಹೇಳಿದ್ದು ಖರೆ," ಎಂದೆ. ಹಾಳೆಯ ಮೇಲೆ ಹಳೆಯ ಅಂಕಿ ಹೊಡೆದುಹಾಕಿ ಎಲ್ಲರೆದುರಿಗೆ ಮತ್ತೆ ಲೆಕ್ಕ ಮಾಡಿದೆ. ಸಂಗಪ್ಪ ಪಕ್ಕದಲ್ಲಿ ಕೂತು ತನ್ನ ಮೊಬೈಲಿನಲ್ಲಿ ಅದೇ ಲೆಕ್ಕ ಮಾಡಿದ. ಇಬ್ಬರದೂ ಕೂಡಿತು. ಅಂಕಿ ತುಸು ಮೇಲೇರಿತು. ಕಾರ್ಖಾನೆ ನಡೆಸುವಷ್ಟಲ್ಲ, ಅದರ ಹತ್ತಿರಕ್ಕೂ ಅಲ್ಲ. ಅದನ್ನು ನಾನು ಹೇಳಬೇಕಾಗಲಿಲ್ಲ. ಅವನೇ ಮೊಬೈಲು ಜೇಬಿಗೆ ಹಾಕಿ, "ಆದ್ರೂ ಸಾಲಂಗಿಲ್ಲ," ಎಂದ.

ಅಲ್ಲಿಂದಲೇ ದೇಸಾಯಿ ಸರ್‌ಗೆ ಸಂದೇಶ ಕಳಿಸಿದೆ: ಇಂಥ ಕಡೆ ನನ್ನ ಲೆಕ್ಕ ಕಡಿಮೆಯಾಗಿತ್ತು, ಸರಿಪಡಿಸಿದ್ದು ಹೀಗೆ, ಪುಣೆಯವರಿಗೂ ತಿಳಿಸಿರಿ. ಉತ್ತರ ಬರಲು ಎರಡು ದಿನ ಹಿಡಿಯಿತು. 'ತಿಳಿಸಿದ್ದೇನೆ' ಎಂದಷ್ಟೇ ಇತ್ತು. ಅದು ಸಾಕಿತ್ತು.

ಆ ಮಳೆಗಾಲದಲ್ಲಿ ಸಂಗಪ್ಪ ಅದೇ ಹೊಲದಲ್ಲಿ ಹೆಸರು ಬಿತ್ತಿದ. ನಾನು ಬೇರೆ ಊರಿನಲ್ಲಿ ಬೇರೆ ನೌಕರಿ ಹಿಡಿದೆ. ಮೂರು ವರ್ಷದ ಮೇಲೆ ಬೇರೊಂದು ಸಂಸ್ಥೆಯವರು ಸೂಡಿ ರಸ್ತೆಯಲ್ಲಿ ಸಣ್ಣದೊಂದು ಘಟಕ ಹಾಕಲು ಬಂದರಂತೆ, ಕಟ್ಟಿಗೆ ಕೇಳಿಕೊಂಡು. ಪುರ್ತಗೇರಿಗೂ ಹೋಗಿದ್ದರಂತೆ. ಕಳೆದ ಮಾಘದ ಆ ಮದುವೆಮನೆಗೆ ನನ್ನನ್ನು ಕಾಣಲೆಂದೇ ಬಂದ ನೀಲಕ್ಕ ಇದನ್ನು ಹೇಳಿದಳು. ಆ ಘಟಕಕ್ಕೆ ಜಾಲಿ ಕಡಿಯುವ ಸರದಿ ಈಗ ಅವಳ ಗುಂಪಿನದೇ, ದರ ಒಣಗಿದ ಮೇಲಿನ ತೂಕಕ್ಕೆ. ಸಂಗಪ್ಪ ಆ ಸಂಸ್ಥೆಯವರಿಗೆ ಚಹಾ ಕುಡಿಸಿ, ಮಾತಿಗೆ ಕೂಡುವ ಮೊದಲು ಹೊಲಕ್ಕೆ ಕರೆದುಕೊಂಡು ಹೋದನಂತೆ. ಅಳತೆಯ ಹಗ್ಗದ ಒಂದು ತುದಿ ತಾನು ಹಿಡಿದು ಇನ್ನೊಂದನ್ನು ಅವರ ಸಾಹೇಬನ ಕೈಗೆ ಕೊಟ್ಟು, "ಮೊದಲ ಅಳೀರಿ, ಆಮ್ಯಾಲೆ ಮಾತಾಡೂಣು," ಎಂದನಂತೆ.